ಬಾಗಿಲು ತೆರೆದ ಹೆಂಡತಿ ಏನೆಂದಳು

ಅಮೆರಿಕದ ಸೇಂಟ್ ಲೂಯಿಸ್ ಊರಿನ ದಕ್ಷಿಣ ಭಾಗದಲ್ಲಿ ಒಂದು ಗಾಳಿಗಿರಣಿ ಇದೆ. ಕಟ್ಟಿದ ದಿನದಿಂದ ಅದು ಒಂದು ಹಿಡಿ ಗೋಧಿಯನ್ನೂ ಬೀಸಿದ್ದಿಲ್ಲ. ಯಾರೋ ಸಾಹುಕಾರ ಚೆಂದಕ್ಕೆಂದು ಕಟ್ಟಿಸಿದ್ದಂತೆ, ಒಳಗಿರುವುದು ಊಟದ ಹೋಟೆಲು. ಆದರೆ ಯುದ್ಧದಲ್ಲಿ ಮನೆಮಠ ಕಳೆದುಕೊಂಡು ಬೋಸ್ನಿಯಾದಿಂದ ಬಂದವರಿಗೆ ಅದಿಲ್ಲದೆ ದಾರಿ ಹೇಳುವುದೇ ಆಗದು. ಮಾಂಸದ ಅಂಗಡಿ ಗಿರಣಿಯ ಎದುರಿಗೆ, ರೊಟ್ಟಿಯ ಭಟ್ಟಿ ಗಿರಣಿಯ ಹಿಂದೆ, ಹಲ್ಲಿನ ಡಾಕ್ಟರು ಗಿರಣಿಯಿಂದ ಎಡಕ್ಕೆ. ಗಾಳಿ ನದಿಯ ಕಡೆಯಿಂದ ಬೀಸಿದ ದಿನ ಬಿಯರ್ ಕಾರ್ಖಾನೆಯ ಬೆಂದ ಬಾರ್ಲಿಯ ವಾಸನೆ ಇಡೀ ಕೇರಿಯನ್ನು ತುಂಬುತ್ತದೆ, ಕುಡಿಯದವರೂ ಮೂಗರಳಿಸುತ್ತಾರೆ. ಷೆಫಿಕಾ ತನ್ನ ಮಗಳು ಮೆರ್ಸಿಹಾಳ ಜೊತೆ ಬಾಡಿಗೆಗಿದ್ದ ಇಟ್ಟಿಗೆಯ ಮನೆ ಗಿರಣಿಗೆ ಕೂಗಳತೆಯ ದೂರದಲ್ಲಿತ್ತು.

ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ ಆ ಮನೆಯ ಅಡುಗೆಮನೆಯಲ್ಲಿ ಅವಳ ಮೈದುನ ನೂರಿಯಾ ಕುರ್ಚಿಯ ತುದಿಯಲ್ಲಿ ಕೂತಿದ್ದ. ಅವನು ಲಾರಿ ಓಡಿಸುವವನು. ಹಿಮದಲ್ಲಿ, ಬಿರುಗಾಳಿಯಲ್ಲಿ ಒಬ್ಬನೇ ಟೆಕ್ಸಾಸ್‌ವರೆಗೆ ಹೋಗಿಬರುವ ಗಂಡಸು. ಅತ್ತಿಗೆಯ ಎದುರು ಮಾತ್ರ ಅವನ ನಾಲಿಗೆ ಒಣಗುತ್ತಿತ್ತು. ಎರಡನೆಯ ಬಟ್ಟಲು ಕಾಫಿಯೂ ಮುಗಿಯಿತು.

"ಬಾಯಿಗೇನು ಬೀಗ ಹಾಕ್ಕೊಂಡಿದೀಯಾ? ಬಂದಾಗಿಂದ ನೋಡ್ತಿದೀನಿ, ಬಟ್ಟಲು ತಿರುಗಿಸಿದ್ದೇ ತಿರುಗಿಸಿದ್ದು. ಹೇಳು," ಎಂದಳು ಷೆಫಿಕಾ.

"ಶನಿವಾರ ನಮ್ಮ ಕ್ಲಬ್ಬಿನ ಹಾಲ್‌ಗೆ ಊರಿಂದ ಜನ ಬರ್ತಿದಾರೆ ಅತ್ತಿಗೆ. ರಕ್ತ ತಗೊಳ್ಳೋಕೆ. ಯುದ್ಧದಲ್ಲಿ ಕಾಣೆಯಾದವರ ಕಡೆಯವರದ್ದು."

"ಕೊಡು ಹೋಗು. ನಿಂಗೇನು ರಕ್ತಕ್ಕೆ ಬರ, ಕೋಣ ಇದ್ದ ಹಾಗಿದೀಯ."

"ನಾನು ಕೊಡ್ತೀನಿ. ಆದ್ರೆ ತಮ್ಮಂದು ಒಂದೇ ಸಾಲ್ದಂತೆ. ಮಗಳದ್ದೂ ಇದ್ರೆ ಖಾತ್ರಿ ಆಗತ್ತಂತೆ. ಒಂದೇ ಹನಿ ಸಾಕು, ಬೆರಳ ತುದಿಯಿಂದ. ಮೆರ್ಸಿಹಾನ ಕಳಿಸು."

"ಮಗು ಯಾಕೆ? ನಂದು ತಗೊಳ್ಳಲಿ."

"ಹೆಂಡತಿ ರಕ್ತ ನಡೆಯಲ್ಲ ಅತ್ತಿಗೆ," ಎಂದ ನೂರಿಯಾ. ಹೇಳಿದ ಮೇಲೆ ಅವನಿಗೇ ಕಸಿವಿಸಿಯಾಯಿತು.

ಷೆಫಿಕಾ ಒಲೆಯ ಕಡೆ ತಿರುಗಿ ಒರೆಸಿದ್ದನ್ನೇ ಮತ್ತೆ ಒರೆಸಿದಳು. ಹತ್ತು ವರ್ಷ ಸಂಸಾರ ಮಾಡಿದವಳ ರಕ್ತಕ್ಕೆ ಗಂಡನ ಗುರುತಿಲ್ಲವಂತೆ. ಅವನ ಮುಖವೂ ಸರಿಯಾಗಿ ನೆನಪಿಲ್ಲದ ಹುಡುಗಿಯ ಒಂದು ಹನಿಗೆ ಗುರುತು ಇದೆಯಂತೆ. ಇಂಥ ನ್ಯಾಯ ಕಂಡುಹಿಡಿದ ವಿದ್ಯಾವಂತರ ಮೇಲೆ ಅವಳಿಗೆ ಕೆಟ್ಟ ಕೋಪ ಬಂತು.

"ನೆಲ ಅಗೆದಾಗ ಸಿಕ್ಕಿದ ಮೂಳೆ ಪಕ್ಕ ಇಟ್ಟು ಹೋಲಿಸ್ತಾರೆ, ಅಲ್ವಾ? ಅಲ್ಲಿರೋದು ನಿಮ್ಮಣ್ಣ ಅಂತ ಯಾರು ಹೇಳಿದ್ದು ನಿಂಗೆ? ನೋಡಿದೀಯಾ?"

"ಇಲ್ಲ."

"ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಯೋರನ್ನ ಕೇಳಿದೀನಿ. ಸಾಯೋಕೆ ಮುಂಚೆ ಗುಂಡಿ ತೋಡೋನು ನೀನೊಬ್ಬನೇ."

"ಎಂಟು ವರ್ಷ ಆಯ್ತು ಅತ್ತಿಗೆ."

"ಎಂಟಾಗ್ಲಿ, ಹದಿನೆಂಟಾಗ್ಲಿ. ಬಂದು ಹೇಳ್ತೀನಿ ಅಂದಿದಾನೆ, ಬರ್ತಾನೆ. ಅವನು ಮಾತು ಕೊಟ್ಟು ತಪ್ಪಿದ್ದು ಯಾವತ್ತು?"

ನೂರಿಯಾ ಟೋಪಿ ತಲೆಗೇರಿಸಿಕೊಂಡು ಎದ್ದ.

ಅವಳ ಗಂಡ ಹಿಲ್ಮಿಯಾ ಸಾನಾ ನದಿಯ ದಂಡೆಯ ಅವರೂರಿನಲ್ಲಿ ಕ್ಷೌರದ ಅಂಗಡಿ ಇಟ್ಟಿದ್ದ. ಕ್ಷೌರಕ್ಕಿಂತ ಅವನ ಜೋಕುಗಳಿಗೇ ಹೆಸರು. ಗಿರಾಕಿಯ ಗಂಟಲಿಗೆ ಕತ್ತಿ ಆನಿಸಿಕೊಂಡು ಶುರು ಮಾಡುತ್ತಿದ್ದ. ನಗುವ ಹಾಗಿಲ್ಲ, ನಗದೆ ಇರುವ ಹಾಗೂ ಇಲ್ಲ. ಇಮಾಮರು ಕೂಡ ಗಡ್ಡ ಒಪ್ಪ ಮಾಡಿಸಲು ಬಂದು, ಅರ್ಧ ಗಡ್ಡದಲ್ಲೇ ಎದ್ದು ಹೊಟ್ಟೆ ಹಿಡಿದುಕೊಂಡು ಹೊರಗೆ ಓಡಿದ್ದು ಉಂಟು. ಅವನ ಜೋಕುಗಳಲ್ಲೆಲ್ಲ ರಾಜ ಎಂದರೆ ಸಕ್ಕರೆ ತರಲು ಹೋದವನ ಜೋಕು. ಮದುವೆಯಲ್ಲಿ, ಮುಂಜಿಯಲ್ಲಿ, ಕೊನೆಗೆ ಸಾವಿನ ಮನೆಯಲ್ಲೂ ಜನ ಕೇಳಿ ಕೇಳಿ ಅದನ್ನು ಹೇಳಿಸುತ್ತಿದ್ದರು. ಷೆಫಿಕಾ ನೂರು ಸಲವಾದರೂ ಕೇಳಿರಬೇಕು.

ಎಂಟು ವರ್ಷದ ಹಿಂದಿನ ಆ ಬೇಸಿಗೆಯ ಸಂಜೆ, ಸುತ್ತಲ ಹಳ್ಳಿಗಳಿಂದ ಹೊಗೆ ಏಳುತ್ತಿತ್ತು, ಯಾರೂ ಅಂಗಡಿ ತೆರೆದಿರಲಿಲ್ಲ. ನಾಲ್ಕು ವರ್ಷದ ಮೆರ್ಸಿಹಾ ಹೆದರಿ ಅಳುತ್ತಿದ್ದಳು. ಹಿಲ್ಮಿಯಾ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಅದೇ ಜೋಕು ತೆಗೆದ.

"ನಮ್ಮೂರಲ್ಲಿ ಒಬ್ಬ ಇದ್ದ ಕಣೇ. ಒಲೆ ಮೇಲೆ ಕಾಫಿ ಕುದೀತಿದೆ, ಡಬ್ಬಿ ನೋಡಿದ್ರೆ ಸಕ್ಕರೆ ಇಲ್ಲ. ಹೆಂಡತಿ ಅಂದ್ಲು, ಓಡಿ ಹೋಗಿ ಸಕ್ಕರೆ ತಗೊಂಡ್ಬಾ, ಕಾಫಿ ಆರೋದ್ರೊಳಗೆ ಬರ್ಬೇಕು. ಇವನು ಚಪ್ಪಲಿ ಮೆಟ್ಕೊಂಡು ಹೊರಟ. ನಾಲ್ಕುದಾರಿ ಹತ್ರ ಬಂದು ನೋಡ್ತಾನೆ, ಜರ್ಮನಿಗೆ ಹೋಗೋ ಬಸ್ಸು ನಿಂತಿದೆ! ಹಿಂದೆ ಮುಂದೆ ನೋಡ್ಲಿಲ್ಲ, ಹತ್ತೇಬಿಟ್ಟ. ಹತ್ತು ವರ್ಷ ಅಲ್ಲಿ ಗಾರೆ ಕೆಲಸ ಮಾಡಿದ. ಹೊಟ್ಟೆ ಬಂತು, ಮೀಸೆ ಬೆಳ್ಳಗಾಯ್ತು. ಕೊನೆಗೊಂದಿನ ಊರು ನೆನಪಾಯ್ತು. ದೊಡ್ಡ ಕಾರು ತಗೊಂಡ. ಹೆಂಡತಿಗೆ ಉಣ್ಣೆ ಕೋಟು, ಅತ್ತೆಗೆ ಹಲ್ಲಿನ ಸೆಟ್ಟು, ಎಲ್ಲಾ ತುಂಬ್ಕೊಂಡು ಬಂದ. ಮನೆ ಮುಂದೆ ಬಂದ್ರೆ ಎದೆ ಡವಡವ. ಹತ್ತು ವರ್ಷ ಕಾಗದ ಇಲ್ಲ, ಸುದ್ದಿ ಇಲ್ಲ, ಏನಂತಾಳೋ ಏನೋ! ಬಾಗಿಲು ತಟ್ಟಿದ. ಹೆಂಡತಿ ಬಂದು ಬಾಗಿಲು ತೆಗೆದ್ಲು. ಇವನನ್ನ ಮೇಲಿಂದ ಕೆಳಗೆ ನೋಡಿದ್ಲು. ನೋಡಿ..."

ಇಲ್ಲಿ ಹಿಲ್ಮಿಯಾ ಯಾವಾಗಲೂ ನಿಲ್ಲಿಸುತ್ತಿದ್ದ. ಸಿಗರೇಟು ಹಚ್ಚುತ್ತಿದ್ದ, ಕತ್ತಿ ಒರೆಸುತ್ತಿದ್ದ, ಕೇಳುವವರು ಕಾದು ಸಾಯಬೇಕು. ಅವತ್ತು ಅವನು ನಿಲ್ಲಿಸಿದ ಹೊತ್ತಿಗೆ ಸರಿಯಾಗಿ ಅವರ ಮನೆಯ ಬಾಗಿಲನ್ನೇ ಯಾರೋ ತಟ್ಟಿದರು. ಅದೂ ಕತೆಯ ಭಾಗವೆಂದುಕೊಂಡು ಮೆರ್ಸಿಹಾ ಚಪ್ಪಾಳೆ ಹೊಡೆದಳು.

ಹೊರಗೆ ಮುಖಕ್ಕೆ ಕಾಲುಚೀಲ ಎಳೆದುಕೊಂಡ ನಾಲ್ಕೈದು ಜನ, ಕೈಯಲ್ಲಿ ಬಂದೂಕು. ಒಬ್ಬನ ದನಿ ಷೆಫಿಕಾಳಿಗೆ ಎಲ್ಲೋ ಕೇಳಿದ ಹಾಗಿತ್ತು; ಗಂಡನ ಅಂಗಡಿಯಲ್ಲಿ ಕ್ಷೌರ ಮಾಡಿಸಿಕೊಂಡವನೇ ಇರಬೇಕು. ಏನೋ ವಿಚಾರಿಸುವುದಿದೆ, ಹೊರಡು ಎಂದರು. ಬೇಸಿಗೆಯಾದರೂ ಅವಳು ಕೋಟು ತಂದು ಕೊಟ್ಟಳು, ಬೇಡವೆಂದ. ಮಗಳನ್ನು ತೊಡೆಯಿಂದ ಇಳಿಸಿ ಅವಳ ಮೂಗು ಹಿಂಡಿ, "ಮಿಕ್ಕಿದ್ದು ಬಂದು ಹೇಳ್ತೀನಿ," ಎಂದ. ಅಷ್ಟೇ. ಅಂದು ಹೋದವನ ಸುಳಿವು ಇಂದಿಗೂ ಇಲ್ಲ.

ಆಮೇಲೆ ಎಷ್ಟು ಗಡಿ, ಎಷ್ಟು ಶಿಬಿರ ದಾಟಿ ಬಂದರೂ ಮೆರ್ಸಿಹಾ ಕೇಳುತ್ತಿದ್ದದ್ದು ಒಂದೇ: ಬಾಗಿಲು ತೆರೆದ ಹೆಂಡತಿ ಏನೆಂದಳು? ಷೆಫಿಕಾಳ ಉತ್ತರವೂ ಒಂದೇ: "ಅಪ್ಪ ಬಂದು ಹೇಳ್ತಾನೆ." ಅರ್ಧ ಹೇಳಿದವನು ಪೂರ್ತಿ ಮಾಡಲು ಬರಲೇಬೇಕಲ್ಲ. ಬೇರೆ ಯಾರಾದರೂ ಮುಗಿಸಿಬಿಟ್ಟರೆ ಅವನು ಬರುವುದಕ್ಕೆ ನೆಪವೇ ಇರುವುದಿಲ್ಲ. ಹುಚ್ಚು ಎನ್ನುವವರು ಎನ್ನಲಿ. ಅವಳು ಎಂಟು ವರ್ಷ ಬೆಳಗಾಗೆದ್ದು ಕೆಲಸಕ್ಕೆ ಹೋದದ್ದು, ಹೋಟೆಲುಗಳ ಹಾಸಿಗೆ ಬಟ್ಟೆ ಒಗೆಯುವ ಕಾರ್ಖಾನೆಯ ಉಗಿಯಲ್ಲಿ ಬೆಂದದ್ದು, ತಿಂಡಿ ಮಾಡಿ ಮಗಳಿಗೆ ಜಡೆ ಹಾಕಿದ್ದು ಎಲ್ಲವೂ ಆ ಹುಚ್ಚಿನ ಬಲದಲ್ಲೇ. ಗಿರಣಿಯ ಸುತ್ತಮುತ್ತ ಅವರೂರಿನ ಹತ್ತಾರು ಮನೆಗಳವರು ಇದ್ದರು. ಎಲ್ಲರಿಗೂ ಆ ಜೋಕಿನ ಕೊನೆ ಗೊತ್ತು. ಷೆಫಿಕಾ ಒಬ್ಬೊಬ್ಬರ ಮನೆಗೂ ಹೋಗಿ, ನನ್ನ ಮಗಳಿಗೆ ಯಾರಾದರೂ ಹೇಳಿದರೆ ಈ ಜನ್ಮದಲ್ಲಿ ನಿಮ್ಮ ಮುಖ ನೋಡುವುದಿಲ್ಲ ಎಂದು ಆಣೆ ಹಾಕಿಸಿಕೊಂಡಿದ್ದಳು. ಪಾಪ, ಮದುವೆಯ ಮನೆಯಲ್ಲಿ ನಾಲ್ಕು ಜನ ಕೂತು ನಗುವಾಗ ಯಾರದೋ ಬಾಯಿಗೆ ಆ ಜೋಕು ಬಂದು, ಹುಡುಗಿ ಹತ್ತಿರ ಸುಳಿದೊಡನೆ ಎಲ್ಲರೂ ಹವೆಯ ಮಾತಿಗೆ ಇಳಿಯುತ್ತಿದ್ದರು.

ಈ ಊರಿಗೆ ಬಂದ ಮೊದಲ ವರ್ಷ ಅಕ್ಟೋಬರ್ ಕೊನೆಯ ಸಂಜೆ ಏನಾಯಿತೆಂಬುದನ್ನೂ ಹೇಳಬೇಕು. ಬಾಗಿಲು ತಟ್ಟಿದ ಸದ್ದಾಯಿತು. ಷೆಫಿಕಾ ಕಿಟಕಿಯ ಪರದೆ ಸರಿಸಿ ನೋಡಿದರೆ ಮೆಟ್ಟಿಲ ಮೇಲೆ ಮುಖವಾಡಗಳು. ಮಕ್ಕಳೋ ದೊಡ್ಡವರೋ ನೋಡುವ ವ್ಯವಧಾನ ಯಾರಿಗಿದೆ? ದೀಪ ಆರಿಸಿ, ಮಗಳನ್ನು ಎಳೆದುಕೊಂಡು ಹೋಗಿ ಸ್ನಾನದ ತೊಟ್ಟಿಯಲ್ಲಿ ಮಲಗಿಸಿ, ಮೇಲೆ ತಾನು ಬೋರಲು ಬಿದ್ದು ಅವಳ ಬಾಯಿ ಮುಚ್ಚಿದಳು. ಒಬ್ಬರು ಹೋದರೆ ಇನ್ನೊಬ್ಬರು ತಟ್ಟಿದರು. ತನ್ನ ಕೀಲಿಯಿಂದ ಬಾಗಿಲು ತೆರೆದು ಬಂದ ನೂರಿಯಾ ಅವರನ್ನು ಹಾಗೆ ಕಂಡು ಮೊದಲು ನಕ್ಕ. "ಅಯ್ಯೋ ಅತ್ತಿಗೆ, ಮಿಠಾಯಿ ಕೇಳೋ ಮಕ್ಕಳು ಅವು! ವೇಷ ಹಾಕ್ಕೊಂಡು ಮನೆಮನೆಗೆ ಬರೋ ಹಬ್ಬ ಇವತ್ತು!" ಆಮೇಲೆ ಅದೇ ತೊಟ್ಟಿಯ ಅಂಚಿನ ಮೇಲೆ ಕೂತು ಅತ್ತ.

ಮಾರನೆಯ ದಿನ ಎದುರುಮನೆಯ ಮುದುಕಿ ಲೊರೆಟಾ ತಟ್ಟೆಯ ತುಂಬ ಮಿಠಾಯಿ ಹಿಡಿದುಕೊಂಡು ಬಂದಳು. ದೀಪ ಥಟ್ಟನೆ ಆರಿದ್ದನ್ನು ಅವಳು ತನ್ನ ಮೆಟ್ಟಿಲಿನಿಂದ ನೋಡಿದ್ದಳು. ಅಜ್ಜನ ಕಾಲದಿಂದ ಅದೇ ಬೀದಿಯಲ್ಲಿ ಬೇರು ಬಿಟ್ಟ ಜರ್ಮನ್ ಮೂಲದ ವಿಧವೆ. ಪಕ್ಕದ ಮನೆಯ ಬೋಸ್ನಿಯಾದವರು ಹಿತ್ತಲಲ್ಲಿ ಗೂಡು ಕಟ್ಟಿ ಮಾಂಸಕ್ಕೆ ಹೊಗೆ ಹಾಕಿದಾಗ ಬೆಂಕಿ ಆರಿಸುವ ಇಂಜಿನ್ ಕರೆಸಿದವಳೂ ಅವಳೇ, ಆಮೇಲೆ ಆ ಮಾಂಸವನ್ನು ಕೇಳಿ ಇಸಿದುಕೊಂಡು ತಿಂದವಳೂ ಅವಳೇ. ಮೆರ್ಸಿಹಾಳ ಅರೆಬರೆ ಇಂಗ್ಲಿಷಿನ ಮೂಲಕ ಹಬ್ಬದ ಕಟ್ಟಳೆಯನ್ನೆಲ್ಲ ವಿವರಿಸಿದಳು.

"ಬೇರೆ ಊರಲ್ಲಿ ಮಕ್ಕಳು ಸುಮ್ನೆ ಚೀಲ ಒಡ್ತಾವಂತೆ, ನಾಚಿಕೆಗೆಟ್ಟವು. ನಮ್ಮೂರಲ್ಲಿ ಹಾಗಿಲ್ಲ. ಜೋಕು ಹೇಳ್ಬೇಕು, ಆಮೇಲೆ ಮಿಠಾಯಿ. ದುಡಿದು ತಿನ್ಬೇಕು. ಜೋಕು ಅರ್ಧಕ್ಕೆ ಮರೆತ್ರೆ ನನ್ನ ಮನೇಲಿ ಅರ್ಧ ಮಿಠಾಯೀನೂ ಇಲ್ಲ, ಹೇಳಿರ್ತೀನಿ."

ಅಂದಿನಿಂದ ಪ್ರತಿ ವರ್ಷ ಮೆರ್ಸಿಹಾ ಹೋಗುತ್ತಿದ್ದಳು, ಶಾಲೆಯಲ್ಲಿ ಕಲಿತ ಕೋಳಿಯ ಜೋಕು, ಅಸ್ಥಿಪಂಜರದ ಜೋಕು ಹೇಳಿಕೊಂಡು. ತಾಯಿಯ ಕಟ್ಟಳೆ ಎರಡು: ಮುಖವಾಡ ಹಾಕುವಂತಿಲ್ಲ, ತಾನು ಹಿಂದೆಯೇ ಬರುವುದಕ್ಕೆ ಬೇಡ ಎನ್ನುವಂತಿಲ್ಲ.

ಈ ವರ್ಷ ಹಬ್ಬ ಮಂಗಳವಾರ ಬಂತು. ಹನ್ನೆರಡು ತುಂಬಿದ ಮೆರ್ಸಿಹಾ ಬೆಳಗ್ಗೆಯೇ, "ಇದೇ ಕೊನೇ ವರ್ಷ ಅಮ್ಮ, ಮುಂದಿನ ಸಲ ಹೋದ್ರೆ ನಗ್ತಾರೆ," ಎಂದಿದ್ದಳು. ಸಂಜೆ ಸ್ನಾನದ ಮನೆ ಸೇರಿಕೊಂಡವಳು ಎಷ್ಟು ಹೊತ್ತಾದರೂ ಬರಲಿಲ್ಲ. ಷೆಫಿಕಾ ಸೊಪ್ಪಿನ ಕಡುಬಿಗೆ ಹಿಟ್ಟಿನ ಹಾಳೆಯನ್ನು ತೆಳ್ಳಗೆ ಎಳೆಯುತ್ತಿದ್ದಳು. ಬಾಗಿಲು ತೆರೆದ ಸದ್ದಿಗೆ ತಲೆಯೆತ್ತಿದಳು.

ಹೊಸ್ತಿಲ ಮೇಲೆ ಹಿಲ್ಮಿಯಾ ನಿಂತಿದ್ದ.

ಮೊಣಕಾಲು ಮುಟ್ಟುವ ಗಂಡಸರ ಕೋಟು, ತಲೆಗೆ ಟೋಪಿ, ಕೈಯಲ್ಲಿ ಹಳೆಯ ಸೂಟ್‌ಕೇಸು. ತುಟಿಯ ಮೇಲೆ ಸುಟ್ಟ ಬೆಂಡಿನ ಮಸಿಯಿಂದ ಬಳಿದುಕೊಂಡ ದಪ್ಪ ಮೀಸೆ. ಆ ಹುಬ್ಬು, ಆ ಒಂದು ಕಡೆಗೆ ಎಳೆದ ತುಟಿ! ಇಷ್ಟು ದಿನ ಜಡೆಯ ಹಿಂದೆ ಅಡಗಿದ್ದದ್ದು ಮೀಸೆ ಬಂದೊಡನೆ ಎದ್ದು ನಿಂತಿತ್ತು. ಷೆಫಿಕಾಳ ಕೈಯ ಹಿಟ್ಟು ಹರಿದು ನೆಲಕ್ಕೆ ಬಿತ್ತು.

"ಯಾಕಮ್ಮ? ಚಿಕ್ಕಪ್ಪನ ಕೋಟು ಇದು. ಜರ್ಮನಿಯಿಂದ ವಾಪಸ್ ಬಂದೋನ ವೇಷ. ಸಕ್ಕರೆ ತರೋಕೆ ಹೋದೋನು."

"ಯಾರು ಹೇಳಿದ್ರು ನಿಂಗೆ ಈ ವೇಷ ಹಾಕು ಅಂತ?"

"ಯಾರೂ ಇಲ್ಲ. ಈ ಸಲ ಅಪ್ಪನ ಜೋಕೇ ಹೇಳೋದು ನಾನು. ಕೊನೇ ವರ್ಷ ಅಲ್ವಾ? ಕೋಳಿ ಜೋಕು ಸಾಕಾಗಿದೆ. ಹೇಳಮ್ಮ ಈಗ್ಲಾದ್ರೂ, ಬಾಗಿಲು ತೆಗೆದು ಏನಂದ್ಲು ಅವಳು?"

"ಅಪ್ಪ ಬಂದು ಹೇಳ್ತಾನೆ."

"ಎಲ್ಲಿಂದ ಬರ್ತಾನೆ?" ಎಂದಳು ಹುಡುಗಿ, ಕೋಪದಿಂದಲ್ಲ, ದಾರಿ ಕೇಳುವವರ ಹಾಗೆ. ಷೆಫಿಕಾ ಬಗ್ಗಿ ನೆಲಕ್ಕೆ ಬಿದ್ದ ಹಿಟ್ಟು ಬಳಿದಳು. "ಸರಿ ಬಿಡು. ಕೊನೆ ನಾನೇ ಕಟ್ತೀನಿ," ಎಂದು ಮೆರ್ಸಿಹಾ ಸೂಟ್‌ಕೇಸು ಎತ್ತಿಕೊಂಡಳು.

ಬೀದಿಯ ತುಂಬ ದೆವ್ವ, ಮಾಟಗಾತಿ, ಕಡಲ್ಗಳ್ಳರು. ಮೇಪಲ್ ಮರದ ಎಲೆಗಳು ಪಾದಚಾರಿ ದಾರಿಯ ಮೇಲೆ ದಪ್ಪಗೆ ಬಿದ್ದಿದ್ದವು. ಷೆಫಿಕಾ ನಾಲ್ಕು ಹೆಜ್ಜೆ ಹಿಂದೆ, ಶಾಲು ಬಿಗಿದುಕೊಂಡು ನಡೆದಳು. ಮುಖವಾಡಗಳು ಪಕ್ಕದಲ್ಲೇ ಓಡಿಹೋಗುವಾಗ ಈಗಲೂ ಅವಳ ಬೆನ್ನು ಸೆಟೆದುಕೊಳ್ಳುತ್ತಿತ್ತು. ಆದರೆ ಅವತ್ತು ಅವಳ ಕಣ್ಣು ಮುಂದೆ ಹೋಗುತ್ತಿದ್ದ ಕೋಟಿನ ಬೆನ್ನಿನ ಮೇಲೆಯೇ ಇತ್ತು. ಬೆನ್ನಿನಿಂದ ನೋಡಿದರೆ ಹಿಲ್ಮಿಯಾ ಚಿಕ್ಕವನಾಗಿ ಬಿಟ್ಟಿದ್ದ, ಅಷ್ಟೇ.

ಮೊದಲ ಮನೆಯಲ್ಲಿ ಹೊಸದಾಗಿ ಮದುವೆಯಾದ ಅಮೆರಿಕದ ಜೋಡಿ. ಮೆರ್ಸಿಹಾ ಇಂಗ್ಲಿಷಿನಲ್ಲಿ ಜೋಕು ಹೇಳಿದಳು. ಷೆಫಿಕಾಳ ಇಂಗ್ಲಿಷು ಕಾರ್ಖಾನೆಯ ಮಟ್ಟದ್ದು, ಆದರೆ ಈ ಜೋಕು ಯಾವ ಭಾಷೆಯಲ್ಲಿದ್ದರೂ ಅವಳಿಗೆ ಹೆಜ್ಜೆಹೆಜ್ಜೆಯೂ ಗೊತ್ತು. ಕಾಫಿ, ಬಸ್ಸು, ಹಲ್ಲಿನ ಸೆಟ್ಟು. "ಹೆಂಡತಿ ಬಾಗಿಲು ತೆಗೆದು ಮೇಲಿಂದ ಕೆಳಗೆ ನೋಡಿದ್ಲು. ನೋಡಿ..." ಎಂದು ಹುಡುಗಿ ನಿಲ್ಲಿಸಿದಳು. ಸರಿಯಾಗಿ ಅಲ್ಲೇ, ಅಷ್ಟೇ ಹೊತ್ತು. ನಾಲ್ಕು ವರ್ಷದ ಕೂಸಿಗೆ ಆ ನಿಲುಗಡೆ ಹೇಗೆ ನೆನಪಿತ್ತೋ! "ನೋಡಿ, ಯಾರಪ್ಪಾ ನೀನು, ನನ್ನ ಗಂಡ ನಿನಗಿಂತ ಸಣ್ಣಗಿದ್ದ, ಅಂದ್ಲು." ಜೋಡಿ ನಕ್ಕು ಮಿಠಾಯಿ ಕೊಟ್ಟಿತು.

ಎರಡನೆಯದು ಅವರೂರಿನವನೇ ಆದ ದೇರ್ವಿಶ್ ಮುದುಕನ ಮನೆ. ಅಲ್ಲಿ ಹುಡುಗಿ ಭಾಷೆ ಬದಲಿಸಿದಳು. ಅವಳ ವೇಷ ಕಂಡೊಡನೆ ಮುದುಕ ಬಾಗಿಲಿನ ಚೌಕಟ್ಟು ಹಿಡಿದುಕೊಂಡ. ಜೋಕು ಮುಂದುವರಿದಂತೆ ಅವನ ತುಟಿಯೂ ಅಲುಗುತ್ತಿತ್ತು. "...ನೋಡಿ, ಏನಂದ್ಲು ಅಜ್ಜ? ನಿಂಗೊತ್ತಲ್ಲ, ನೀನು ಹೇಳು," ಎಂದಳು ಮೆರ್ಸಿಹಾ.

ದೇರ್ವಿಶ್ ಅವಳ ತಲೆಯ ಮೇಲಿಂದ ಪಾದಚಾರಿ ದಾರಿಯಲ್ಲಿ ನಿಂತಿದ್ದ ಷೆಫಿಕಾಳನ್ನು ನೋಡಿದ. "ನಿಮ್ಮಮ್ಮನ್ನ ಕೇಳು ಮಗಾ," ಎಂದ. ಎರಡು ಮುಷ್ಟಿ ಮಿಠಾಯಿ ಚೀಲಕ್ಕೆ ಸುರಿದು ಬಾಗಿಲು ಹಾಕಿಕೊಂಡ. ಬಾಗಿಲ ಹಿಂದೆ ಅವನು ಮೂಗು ಸೀಟಿದ್ದು ಬೀದಿಗೂ ಕೇಳಿಸಿತು.

ಆ ಮನೆಯಿಂದ ಈ ಮನೆಗೆ ಹುಡುಗಿಯ ಕೊನೆಗಳು ಬದಲಾಗುತ್ತ ಹೋದವು. ಒಂದು ಕಡೆ ಹೆಂಡತಿ ಲಟ್ಟಣಿಗೆಯಿಂದ ಬಾರಿಸಿದಳು. ಇನ್ನೊಂದು ಕಡೆ ಕಾರಿನ ಕೀಲಿ ಕಿತ್ತುಕೊಂಡು ಬಾಗಿಲು ಹಾಕಿದಳು. ಮತ್ತೊಂದು ಕಡೆ, "ಮಗಳು ಇಷ್ಟೆತ್ತರ ಬೆಳೆದಿದಾಳೆ, ಬಾ ಒಳಗೆ," ಅಂದಳು. ಅಲ್ಲಿ ಯಾರೂ ನಗಲಿಲ್ಲ. ಪ್ರತಿ ಬಾಗಿಲಲ್ಲೂ ಆ ನಿಲುಗಡೆ ಬಂದಾಗ ಷೆಫಿಕಾಳ ನಾಲಿಗೆಯ ತುದಿಗೆ ನಿಜವಾದ ಕೊನೆ ಬಂದು ನಿಲ್ಲುತ್ತಿತ್ತು. ಅವಳು ಹಲ್ಲು ಕಚ್ಚಿಕೊಂಡು ಅದನ್ನು ಹಿಂದಕ್ಕೆ ತಳ್ಳುತ್ತಿದ್ದಳು. ಇವತ್ತು ಒಂದು ದಿನ ತಡೆದುಕೊಂಡರೆ ಆಯಿತು, ನಾಳೆಯಿಂದ ಮತ್ತೆ ಕಾಯಬಹುದು.

ಕಡೆಗೆ ಲೊರೆಟಾಳ ಮನೆ. ಮುದುಕಿ ಕಂಬಳಿ ಹೊದ್ದು ಮೆಟ್ಟಿಲ ಮೇಲೆಯೇ ಕುರ್ಚಿ ಹಾಕಿಕೊಂಡು, ಮಡಿಲಲ್ಲಿ ಮಿಠಾಯಿಯ ಬೋಗುಣಿ ಇಟ್ಟುಕೊಂಡು ನ್ಯಾಯಾಧೀಶಳಂತೆ ಕೂತಿದ್ದಳು. "ಬಾರಯ್ಯ ಮೀಸೆ ಸಾಹೇಬ. ಏನು ತಂದಿದೀಯ?" ಎಂದಳು.

ಮೆರ್ಸಿಹಾ ಸೂಟ್‌ಕೇಸು ಕೆಳಗಿಟ್ಟಳು. ಈ ಸಲ ಅವಳ ದನಿ ದಣಿದಿತ್ತು, ಅವಸರವೂ ಇರಲಿಲ್ಲ. ಸಕ್ಕರೆ ಮುಗಿಯಿತು, ಬಸ್ಸು ಹತ್ತಿದ, ಮೀಸೆ ಬೆಳ್ಳಗಾಯಿತು. ಹಲ್ಲಿನ ಸೆಟ್ಟಿಗೆ ಲೊರೆಟಾ ತನ್ನ ಹಲ್ಲಿನ ಸೆಟ್ಟು ಕಾಣುವ ಹಾಗೆ ನಕ್ಕಳು. ಹೆಂಡತಿ ಬಾಗಿಲು ತೆರೆದಳು.

"ತೆಗೆದು ನೋಡಿದ್ರೆ," ಎಂದಳು ಮೆರ್ಸಿಹಾ, "ಯಾರೂ ಇಲ್ಲ. ಅವನು ಬಂದೇ ಇರಲಿಲ್ಲ."

ಲೊರೆಟಾಳ ಕೈ ಬೋಗುಣಿಯಲ್ಲೇ ನಿಂತಿತು. ಬೀದಿಯ ಆಚೆ ತುದಿಯಲ್ಲಿ ಯಾವುವೋ ಮಕ್ಕಳು ಬಾಗಿಲು ಬಡಿದು ಕೂಗುತ್ತಿದ್ದವು.

"ಕಂದಾ, ಅದು ಜೋಕಲ್ಲ," ಎಂದಳು ಮುದುಕಿ ಮೆಲ್ಲಗೆ.

"ಗೊತ್ತು. ನಂಗೆ ಅರ್ಧಾನೇ ಬರೋದು."

"ಮಿಕ್ಕಿದ್ದು?"

"ನಮ್ಮಪ್ಪ ಹೇಳ್ಬೇಕಿತ್ತು."

ಷೆಫಿಕಾಳಿಗೆ ಅಷ್ಟು ಇಂಗ್ಲಿಷು ಅರ್ಥವಾಯಿತು. ಮಗಳು ಎಂದೋ ಬಾಗಿಲು ತೆರೆದು ನೋಡಿದ್ದಾಳೆ, ಯಾರೂ ಇಲ್ಲವೆಂಬುದು ಅವಳಿಗೆ ಗೊತ್ತಿದೆ. ಗೊತ್ತಿದ್ದೂ ತಾಯಿಗೋಸ್ಕರ ಪ್ರತಿ ಸಲ ಅದೇ ಪ್ರಶ್ನೆ ಕೇಳಿ, ಅದೇ ಉತ್ತರ ಕೇಳಿಸಿಕೊಂಡು ಸುಮ್ಮನಾಗುತ್ತ ಬಂದಿದ್ದಾಳೆ. ಎಂಟು ವರ್ಷ ತಾನು ಮಗುವಿಗಾಗಿ ಹಿಲ್ಮಿಯಾನನ್ನು ಉಳಿಸಿಕೊಂಡೆ ಎಂದುಕೊಂಡಿದ್ದಳು. ಉಳಿಸಿಕೊಂಡದ್ದು ತನಗಾಗಿ, ಮಗುವಿಗೆ ಸಿಕ್ಕಿದ್ದು ಅರ್ಧ ಜೋಕು, ಅರ್ಧ ಅಪ್ಪ. ನಗಿಸಲಿಕ್ಕೆಂದೇ ಹುಟ್ಟಿದ ಗಂಡಸಿನ ಮಗಳಿಗೆ ಅವನ ಒಂದು ನಗೆಯೂ ಸಿಕ್ಕಿರಲಿಲ್ಲ.

ಅವಳು ಪಾದಚಾರಿ ದಾರಿ ಬಿಟ್ಟು ಮೆಟ್ಟಿಲು ಹತ್ತಿ ಬಂದಳು. "ಅದು ಹಾಗಲ್ಲ," ಎಂದಳು ತಮ್ಮ ಭಾಷೆಯಲ್ಲಿ.

ಮೆರ್ಸಿಹಾ ತಿರುಗಿ ನೋಡಿದಳು.

"ಅವಳು ಬಾಗಿಲು ತೆಗೆದ್ಲು," ಎಂದಳು ಷೆಫಿಕಾ. "ಹತ್ತು ವರ್ಷ ಆದ್ಮೇಲೆ ಗಂಡ ನಿಂತಿದಾನೆ. ಹಿಂದೆ ದೊಡ್ಡ ಕಾರು. ಮೇಲಿಂದ ಕೆಳಗೆ ನೋಡಿದ್ಲು. ನೋಡಿ..."

ಅವಳೂ ನಿಲ್ಲಿಸಿದಳು. ಹಿಲ್ಮಿಯಾ ಸಿಗರೇಟು ಹಚ್ಚುವಷ್ಟು ಹೊತ್ತು. ಬಾಗಿಲು ಯಾರೂ ತಟ್ಟಲಿಲ್ಲ.

"'ಸಕ್ಕರೆ ಎಲ್ಲಿ?' ಅಂದ್ಲು."

ಹುಡುಗಿಯ ಬಾಯಿ ತೆರೆಯಿತು. ಆಮೇಲೆ ನಗು ಬಂತು, ಹೊಟ್ಟೆಯಾಳದಿಂದ, ಸೊಂಟ ಬಗ್ಗಿಸಿಕೊಂಡು, ಟೋಪಿ ಕೆಳಗೆ ಬಿದ್ದು.

"ತಾಳು, ಇನ್ನೂ ಇದೆ. ಇವನು ಹಣೆ ಚಚ್ಕೊಂಡ. 'ಅಯ್ಯೋ, ಮರ್ತೇಬಿಟ್ನಲ್ಲೇ!' ಅಂದ. ಅಂದು ಹಾಗೇ ತಿರುಗಿ ಅಂಗಡಿ ಕಡೆ ಹೊರಟೇಬಿಟ್ಟ."

ಮೆರ್ಸಿಹಾ ಲೊರೆಟಾಳ ಕುರ್ಚಿಯ ಕೈ ಹಿಡಿದುಕೊಂಡು ನಕ್ಕಳು. ಕಣ್ಣಲ್ಲಿ ನೀರು ಬಂದು ಮೀಸೆ ಕರಗಿ ಗಲ್ಲಕ್ಕೆ ಇಳಿಯಿತು. "ಏನಂತೆ? ನಂಗೂ ಹೇಳು! ನಿಯಮ ಅಂದ್ರೆ ನಿಯಮ," ಎಂದು ಮುದುಕಿ ಅವಳ ತೋಳು ಜಗ್ಗಿದಳು. ಹುಡುಗಿ ಉಸಿರೆಳೆದುಕೊಂಡು ಇಂಗ್ಲಿಷಿಗೆ ತಿರುಗಿಸತೊಡಗಿದಳು. "ಅವಳು ಕೇಳಿದ್ಲು, ಸಕ್ಕರೆ ಎಲ್ಲಿ ಅಂತ. ಅವನು, ಅಯ್ಯೋ ಮರ್ತೆ ಅಂತ ತಿರುಗಿ ಹೊರಟ... ಮತ್ತೆ ಹೊರಟುಹೋದ..."

ಅಲ್ಲಿಗೆ ಅವಳ ದನಿ ನಿಂತಿತು.

ಲೊರೆಟಾ ತೊಡೆ ತಟ್ಟಿಕೊಂಡು ನಗುತ್ತಿದ್ದಳು. "ಸಕ್ಕರೆ! ಅಯ್ಯಯ್ಯೋ, ಹತ್ತು ವರ್ಷ ಆದ್ಮೇಲೆ ಸಕ್ಕರೆ!" ಆಮೇಲೆ ತಾಯಿಯ ಮುಖ ನೋಡಿದಳು, ಮಗಳ ಮುಖ ನೋಡಿದಳು, ನಗು ನಿಲ್ಲಿಸಿದಳು.

"ಅಮ್ಮ," ಎಂದಳು ಮೆರ್ಸಿಹಾ. "ಅಪ್ಪ ಬಂದು ಹೇಳ್ತಾನೆ ಅಂದಿದ್ಯಲ್ಲ."

"ಅಂದಿದ್ದೆ."

"ಮತ್ತೆ ನೀನ್ಯಾಕೆ ಹೇಳ್ದೆ?"

ಷೆಫಿಕಾ ಶಾಲಿನ ತುದಿಯಿಂದ ಮಗಳ ಮಸಿ ಮೆತ್ತಿದ ಗಲ್ಲ ಒರೆಸಿದಳು. ಒರೆಸಿದಷ್ಟೂ ಅದು ಹರಡಿತು. ಎಂಟು ವರ್ಷ ಯಾರ ಬಾಯಿಂದಲೂ ಬರಗೊಡದ ಮಾತು ಕೊನೆಗೆ ಅವಳ ಬಾಯಿಂದಲೇ ಬರಬೇಕಾಯಿತು.

"ಹೇಳೋನು ಬರಲ್ಲ ಕೂಸೇ. ಅದಕ್ಕೇ ಹೇಳ್ದೆ."

ಹುಡುಗಿ ತಾಯಿಯ ಹೊಟ್ಟೆಗೆ ಮುಖವಿಟ್ಟಳು. ಷೆಫಿಕಾ ನಿಂತೇ ಅತ್ತಳು. ಊರು ಬಿಟ್ಟಾಗ ಅತ್ತಿರಲಿಲ್ಲ, ಮನೆ ಸುಟ್ಟಾಗ ಅತ್ತಿರಲಿಲ್ಲ, ಅಳುವುದೆಂದರೆ ಒಪ್ಪಿಕೊಂಡ ಹಾಗೆ ಎಂದು ಕಟ್ಟಿಟ್ಟುಕೊಂಡದ್ದೆಲ್ಲ ಈಗ ಪರರ ಮನೆಯ ಮೆಟ್ಟಿಲ ಮೇಲೆ ಒಡೆದುಕೊಂಡು ಬಂತು. ಅವಳಿಗೆ ನಾಚಿಕೆಯಾಗಲಿಲ್ಲ. ಲೊರೆಟಾ ಮಿಠಾಯಿಗೆ ಬಂದ ಮೂರು ಪುಟ್ಟ ದೆವ್ವಗಳನ್ನು ಕೈಸನ್ನೆಯಲ್ಲೇ ದೂರ ನಿಲ್ಲಿಸಿದಳು. ಸ್ವಲ್ಪ ಹೊತ್ತಾದ ಮೇಲೆ ಬೋಗುಣಿಯಿಂದ ಒಂದು ಮಿಠಾಯಿ ಆರಿಸಿ ಷೆಫಿಕಾಳ ಕೈಯನ್ನು ಬಿಡಿಸಿ ಅದರಲ್ಲಿಟ್ಟು ಮುಚ್ಚಿದಳು. ಜೋಕು ಪೂರ್ತಿ ಹೇಳಿದವಳು ಅವಳಲ್ಲವೇ.

ತಾಯಿ ಮಗಳು ಬೀದಿ ದಾಟಿದರು. ಸೂಟ್‌ಕೇಸನ್ನು ಷೆಫಿಕಾ ಎತ್ತಿಕೊಂಡಿದ್ದಳು. ಅದು ಖಾಲಿಯೇ ಇತ್ತು. ಮನೆಗಳ ಮೇಲೆ ಗಿರಣಿಯ ರೆಕ್ಕೆಗಳು ಕಾಣುತ್ತಿದ್ದವು, ಎಂದಿನ ಹಾಗೆ ನಿಂತಲ್ಲೇ.

"ಶನಿವಾರ ಬೇಗ ಏಳ್ಬೇಕು," ಎಂದಳು ಷೆಫಿಕಾ ತಮ್ಮ ಮನೆಯ ಮೆಟ್ಟಿಲು ಹತ್ತುತ್ತ. "ಚಿಕ್ಕಪ್ಪನ ಜೊತೆ ಕ್ಲಬ್ಬಿನ ಹಾಲ್‌ಗೆ ಹೋಗೋದಿದೆ."

ಮೆರ್ಸಿಹಾಳಿಗೆ ವಿವರಿಸಬೇಕಾಗಲಿಲ್ಲ. ಗಿರಣಿಯ ಸುತ್ತಲಿನ ಮಕ್ಕಳಿಗೆಲ್ಲ ಶನಿವಾರದ ಸುದ್ದಿ ತಿಳಿದಿತ್ತು. ಅವಳು ಕೋಟಿನ ಉದ್ದ ತೋಳಿನಿಂದ ಕೈ ಹೊರಗೆ ತೆಗೆದು ಬೆರಳುಗಳನ್ನು ನೋಡಿಕೊಂಡಳು.

"ನೋವಾಗತ್ತಾ ಅಮ್ಮ?"

ಷೆಫಿಕಾ ಆ ಐದು ಬೆರಳನ್ನೂ ತನ್ನ ಮುಷ್ಟಿಯೊಳಗೆ ತೆಗೆದುಕೊಂಡಳು.

"ನಿಂಗಾಗಲ್ಲ ಕೂಸೇ," ಎಂದಳು.